ಹೊಳೆದಂಡೆಯ ಪೆಟ್ಟಿಗೆ

ಬೆಳಿಗ್ಗೆ ಹನ್ನೊಂದಕ್ಕೆ ಬಾಗಲಕೋಟೆಯ ನೆನಪು ರಿಪೇರಿ ಅಂಗಡಿಯಲ್ಲಿ ಶಿಕ್ಷಕಿ ಚನ್ನಬಸವ್ವಳ ನೀರಿನ ಭಯವನ್ನು ಇಳಿಸಲಾಯಿತು. ಆಕೆಗೆ ನಡುಗಡ್ಡೆಯ ಶಾಲೆಗೆ ವರ್ಗವಾಗಿತ್ತು. ದೋಣಿ ಹತ್ತದಿದ್ದರೆ ಕೆಲಸ ಹೋಗುತ್ತಿತ್ತು.

ರಿಪೇರಿಯ ದಾವಲಸಾಬ ಬಾಲ್ಯದ ಪೆಟ್ಟಿಗೆ ತೆರೆದ. ಅದರೊಳಗೆ ಬೇಸಿಗೆ ರಜೆ, ರಜೆಯೊಳಗೆ ಅವ್ವ ಹೊಳೆಯ ಸೆಳವಿಗೆ ಸಿಕ್ಕ ಮಧ್ಯಾಹ್ನ. ಭಯ ಅದರ ತಳದಲ್ಲಿತ್ತು.

"ಅವ್ವನ ಮುಖಕ್ಕ ಕೈ ಹಚ್ಚಬ್ಯಾಡಪಾ."

"ಭಯ ಒಂದನ್ನ ಮುಟ್ಟತೀನ್ರಿ, ಉಳಿದದ್ದು ಇದ್ದಂಗ ಇರತೈತಿ. ಆವತ್ತು ದಂಡಿ ಮ್ಯಾಲ ನಿಮ್ಮ ಜೋಡಿ ಯಾರರ ಇದ್ರೇನು? ಇದ್ರ ಈ ಪೆಟಗಿ ಇಬ್ಬರದೂ ಒಂದ. ಅವರನ್ನೂ ಕೇಳಬೇಕಾಗತೈತಿ."

ತಂಗಿ ಗುರವ್ವ ಇದ್ದಳು. ಅವ್ವನ ಮೂಗುತಿಗಾಗಿ ಜಗಳವಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಈಗ ಕೇಳಲು ಹೋದರೆ ತಾನೇ ಸೋತಂತೆ.

"ಯಾರೂ ಇರಲಿಲ್ಲ," ಎಂದಳು ಚನ್ನಬಸವ್ವ.

ದಾವಲಸಾಬ ಭಯವನ್ನು ಒಂಬತ್ತರಿಂದ ಸೊನ್ನೆಗೆ ಇಳಿಸಿ, ಪೆಟ್ಟಿಗೆಗಳನ್ನು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಮುಚ್ಚಿದ.

ಸಂಜೆ ಆಕೆ ದೋಣಿಯಲ್ಲಿ ಕುಳಿತು ನೀರಲ್ಲಿ ಕೈಯಾಡಿಸುತ್ತಿದ್ದಾಗ ಗುರವ್ವನ ಗಂಡ ಫೋನ್ ಮಾಡಿದ.

"ಅಕ್ಕಾರ, ಬಾವಿಕಟ್ಟಿಗೂ ಹೋಗದ ನಿಮ್ಮ ತಂಗಿ ಇವತ್ತ ಸೀದಾ ಹೊಳಿಗೆ ಇಳದಾಳ. ಈಜು ಬರಂಗಿಲ್ಲ ಆಕಿಗೆ. ಮೀನುಗಾರರು ಎಳಕೊಂಡ ಬಂದ್ರು. ಎಚ್ಚರಾದಾಕಿ ಮತ್ತ ಹೋಗತೀನಿ ಅಂತ ಎದ್ದ ಕುಂತಾಳ."

ಮರುದಿನ ಬೆಳಿಗ್ಗೆ ಚನ್ನಬಸವ್ವಳ ಕೋರಿಕೆಯ ಮೇರೆಗೆ ಭಯವನ್ನು ಮತ್ತೆ ಒಂಬತ್ತಕ್ಕೆ ಏರಿಸಲಾಯಿತು.