ನಾಲ್ವರು ಮಲಗುವ ದೋಣಿ

ಶಾಂತಿ ಚಪ್ಪಲಿ ಬಿಟ್ಟವಳೇ ನೀಲಿ ದೋಣಿಯ ಕೋಣೆಯೊಳಗೆ ಹೋಗಿ ಅಂಗಾತ ಮಲಗಿಬಿಟ್ಟಳು. ಆ ಪಕ್ಕ ಮಗ, ಈ ಪಕ್ಕ ಮಗಳು. ಗಂಡ ಶಿವಸ್ವಾಮಿಯನ್ನೂ ಕರೆದು ಮಲಗಿಸಿದಳು. ಅವನ ಕಾಲು ಮೊಣಕಾಲಿನವರೆಗೆ ಬಾಗಿಲಾಚೆ ಚಾಚಿತು. ಮಕ್ಕಳು ನಕ್ಕು ನಕ್ಕು ಉರುಳಾಡಿದರು.

ಗುಂಡ್ಲುಪೇಟೆಯ ಕೇರಳ ರಸ್ತೆಯ ಗುಜರಿ ಅಂಗಳದಲ್ಲಿ, ಮರದ ದಿಮ್ಮಿಗಳ ಮೇಲೆ ಎರಡು ದೋಣಿಗಳು ನಿಂತಿದ್ದವು. ಎರಡಕ್ಕೂ ಪುಟ್ಟ ಕೋಣೆ, ಎರಡಕ್ಕೂ ಹಿಂದೆ ಎಂಜಿನ್. ಮೇಲ್ನೋಟಕ್ಕೆ ಬಣ್ಣವೊಂದೇ ಬೇರೆ. ಮಧ್ಯಾಹ್ನ ಕೊಚ್ಚಿಯ ಗಿರಾಕಿ ಬರುತ್ತಾನೆ, ಅಷ್ಟರೊಳಗೆ ಯಾವುದೆಂದು ಹೇಳಿಬಿಡಿ ಎಂದಿದ್ದ ಅಂಗಳದ ಮಾಲೀಕ ರಘುನಾಥ.

ಶಾಂತಿಗೆ ಬೇಕಾದದ್ದು ಒಂದೇ. ವರ್ಷದಲ್ಲಿ ನಾಲ್ಕು ತಿಂಗಳು ಶಿವಸ್ವಾಮಿಗೆ ರಾತ್ರಿ ಕೆಲಸ, ಮನೆಯಲ್ಲಿ ಮಲಗುವಂತಿಲ್ಲ. ಅಷ್ಟೂ ದಿನ ಮಗಳು ಅಪ್ಪನ ಅಂಗಿಯನ್ನು ಅಪ್ಪಿಕೊಂಡು ನಿದ್ದೆ ಹೋಗುತ್ತಾಳೆ. ಈ ಸಲ ನಾಲ್ವರೂ ಒಂದೇ ಸೂರಿನಡಿ ಮಲಗಬೇಕು.

ರಘುನಾಥ ನೀಲಿಯದರ ವೇಗವನ್ನು ಹೊಗಳಿದ. ಅವಳು ತೂಕ ಕೇಳಿದಳು. ಕೆಳಗಿನಿಂದ ಒಂದು ತೊಟ್ಟು ನೀರೂ ಒಳಬರದು ಎಂದು ಅವನು ಆಣೆಯಿಟ್ಟ. ಅವಳು ಚಾವಣಿ ತಟ್ಟಿ ನೋಡಿದಳು.

ಬಿಳಿಯದು ಹಗುರ. ನಾಲ್ಕೂ ಕಡೆ ಕಿಟಕಿ. ಉದ್ದವೂ ಎರಡಡಿ ಹೆಚ್ಚು. ಶಿವಸ್ವಾಮಿ ಅದರ ಹಾರನ್ ಒತ್ತಿದ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ಬೆಚ್ಚಿದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

“ಇದೇ ಕಣಮ್ಮಿ,” ಎಂದ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ.

ಶಾಂತಿಗೂ ನಗು ತಡೆಯಲಾಗಲಿಲ್ಲ. “ಎಂಜಿನ್ ನೀವೇ ಬಿಚ್ಕೊಂಡ್ಬುಡಿ ಅಣ್ಣ, ನಮ್ಗೆ ಬ್ಯಾಡ.”

“ಎಂಜಿನ್ ಇಲ್ದೆ ಎಂಗಮ್ಮ ಓಯ್ತೀರಿ?”

“ನಾವೆಲ್ಲೂ ಓಗಲ್ಲ. ಇಟ್ಟ ಜಾಗ್ದಲ್ಲೇ ಇದ್ರೆ ಸಾಕು.”

ಕೆರೆಯಲ್ಲಿ ಕಟ್ಟಿಹಾಕಿ ಮೀನು ಹಿಡಿಯುವವರಿರಬೇಕು ಎಂದುಕೊಂಡ ರಘುನಾಥ, ಒಂದು ಲಂಗರನ್ನೂ ಪುಕ್ಕಟೆ ಕೊಟ್ಟ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಬೇಡವೆನ್ನಲು ಮನಸ್ಸು ಬರಲಿಲ್ಲ.

ಮಾರನೆಯ ಸಂಜೆ ಹಂಗಳದ ಜೋಳದ ಹೊಲದಲ್ಲಿ, ಶಿವಸ್ವಾಮಿ ಫಸಲಿಗೆ ಬರುವ ಆನೆಗಳನ್ನು ಓಡಿಸಲು ರಾತ್ರಿಯೆಲ್ಲ ಕಾವಲು ಕೂರುವ ಆಲದ ಮರದ ಕವಲಿನಲ್ಲಿ, ನೆಲದಿಂದ ಇಪ್ಪತ್ತೈದು ಅಡಿ ಮೇಲೆ, ಕ್ರೇನು ಬಿಳಿ ದೋಣಿಯನ್ನು ಮೆಲ್ಲಗೆ ಕೂರಿಸಿತು.