ಕತ್ತರಿ ಮಿಡಚಿ

"ಕಾಕಾ, ಇದು ಯಾವ ಜಾತಿದು, ಒಂಚೂರು ಕೇಳಿ ಹೇಳ್ರಿ" ಎಂದು ದಾನೇಶ್ವರಿ, ಓಡದೆ ನಿಂತಿದ್ದ ಮಗ್ಗದ ನೂಲಿನ ಮೇಲೆ ಬಂದು ಕೂತಿದ್ದ ಎಲೆಮಿಡತೆಯತ್ತ ಬೆರಳು ತೋರಿಸಿದಳು. ನೀಲಪ್ಪ ಮೊದಲು ನೋಡಿದ್ದು ಅವಳ ತುಟಿ.

ಗುಳೇದಗುಡ್ಡದ ಆ ಓಣಿಯಲ್ಲಿ ಮಗ್ಗಗಳು ಬಾಯಿ ಮುಚ್ಚುವುದು ಅಮಾವಾಸ್ಯೆಗೊಮ್ಮೆ. ಅದಕ್ಕೇ ಹುಡುಗಿಯರು ಈ ಸಂಜೆಯನ್ನು ಆರಿಸಿಕೊಂಡಿದ್ದರು. ಮನೆಯ ಸುತ್ತಮುತ್ತ ಸಿಗುವ ಎಲೆಮಿಡತೆಗಳನ್ನು ಗುರುತಿಸಿ, ಫೋಟೋ ತೆಗೆದು, ಕೂಗು ರೆಕಾರ್ಡ್ ಮಾಡಿ ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ನೋಡಲು ಎಲ್ಲವೂ ಒಂದೇ ಹಸಿರು, ಕೂಗಿನಿಂದಲೇ ಜಾತಿ ತಿಳಿಯಬೇಕು. "ನಮ್ಮಪ್ಪಗ ಎಲ್ಲಾ ಗೊತ್ತು ಬಾ" ಎಂದು ಜಂಬ ಕೊಚ್ಚಿ ನೀಲಪ್ಪನ ಮಗಳು ಪದ್ಮಶ್ರೀ ಬೇವೂರಿನ ಗೆಳತಿ ದಾನೇಶ್ವರಿಯನ್ನು ಕರೆತಂದಿದ್ದಳು.

ಜಂಬದಲ್ಲಿ ಸುಳ್ಳೇನೂ ಇರಲಿಲ್ಲ. ಕೈಮಗ್ಗದ ಕಾಲದಲ್ಲಿ ಹುಡುಗನಾಗಿದ್ದ ನೀಲಪ್ಪ ಹಿತ್ತಲಿನ ಹೀರೇಬಳ್ಳಿಯ ಮಿಡತೆಗಳಿಗೆಲ್ಲ ತಾನೇ ಹೆಸರಿಟ್ಟಿದ್ದ. ಸಣ್ಣಗೆ ಎಳೆಯುವುದು ಸೂಜಿ, ಗರಗರ ಅನ್ನುವುದು ರಾಟಿ, ತಡೆತಡೆದು ಕಟ್ ಕಟ್ ಅನ್ನುವುದು ಕತ್ತರಿ. ಕಣ್ಣು ಮುಚ್ಚಿ ಹೇಳುತ್ತಿದ್ದ. ಆಮೇಲೆ ಮನೆಗೆ ನಾಲ್ಕು ಪವರ್‌ಲೂಮ್ ಬಂದವು. ಇಪ್ಪತ್ತೆರಡು ವರ್ಷ ಅವುಗಳ ನಡುವೆ ನಿಂತು ಕುಪ್ಪಸದ ಖಣ ನೇಯ್ದ. ಮೂರು ವರ್ಷದ ಹಿಂದೆ ದವಾಖಾನೆಯಲ್ಲಿ, ಹೋದ ಕಿವಿ ಇನ್ನು ತಿರುಗಿ ಬರುವುದಿಲ್ಲ ಅಂದರು. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ, ಹೆಂಡತಿಗೂ ಹೇಳಲಿಲ್ಲ. ಮುಚ್ಚಿಡುವುದು ಕಷ್ಟವೂ ಆಗಲಿಲ್ಲ. ಮಗ್ಗದ ಮನೆಯಲ್ಲಿ ಯಾರು ತಾನೇ ಕಿವಿಯಿಂದ ಕೇಳುತ್ತಾರೆ? ಆ ಗದ್ದಲದಲ್ಲಿ ತುಟಿ ನೋಡಿ ಮಾತು ತಿಳಿಯುವುದು ಎಲ್ಲರಿಗೂ ಎಳೆತನದಿಂದ ಬಂದ ರೂಢಿ. ಎಲ್ಲೋ ಒಂದು ಮಾತು ತಪ್ಪಿದರೆ "ಏ, ಚ್ಯಾಷ್ಟಿ ಮಾಡಿದ್ನಿ" ಎಂದು, ಅಂದದ್ದೆಲ್ಲ ತಮಾಷೆಗೆ ಎಂಬಂತೆ ಬಲಗೈ ಬೀಸಿ ನಕ್ಕರೆ ಮುಗಿಯಿತು.

ಇವತ್ತು ಮಾತ್ರ ಹಾಗೆ ನಕ್ಕು ಪಾರಾಗುವಂತಿರಲಿಲ್ಲ. ಮಗಳ ಮುಂದೆ, ಅದೂ ಅವಳ ಗೆಳತಿಯ ಮುಂದೆ, ಮಾನ ಹೋಗಬಾರದು. ಮಿಡತೆಯ ಹತ್ತಿರ ಬಗ್ಗಿದ. ಅದರ ರೆಕ್ಕೆಯ ಬುಡ ನಡುಗಿತು, ನಿಂತಿತು. ಮತ್ತೆ ನಡುಗಿತು, ನಿಂತಿತು. ಹುಡುಗನಿದ್ದಾಗ ಎಷ್ಟು ಸಲ ನೋಡಿದ್ದನೋ! ಬದುಕಿಕೊಂಡೆ ಅಂದುಕೊಂಡ.

"ಕತ್ತರಿ" ಅಂದ.

"ಕತ್ತರಿ! ಹೆಸರು ಚಲೋ ಇಟ್ಟೀರಿ ಕಾಕಾ." ದಾನೇಶ್ವರಿ ಮೊಬೈಲನ್ನು ನೂಲಿನ ಹತ್ತಿರ ಹಿಡಿದಳು.

ಪದ್ಮಶ್ರೀಯೂ ಬಗ್ಗಿ ನೋಡಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಇದು ಸುಮ್ನ ಕುಂತೈತಲ್ಲ. ಯಾಕ ಒದರವಲ್ದು?"

ನೀಲಪ್ಪ ಮತ್ತೆ ಮಿಡತೆಯನ್ನು ನೋಡಿದ. ರೆಕ್ಕೆ ನಡುಗುತ್ತಲೇ ಇತ್ತು. ದಾನೇಶ್ವರಿಯ ಕಡೆ ನೋಡಿದ. ಅವಳು ಒಂದು ಕಿವಿಗೆ ಬೆರಳಿಟ್ಟುಕೊಂಡಿದ್ದಳು.

"ಏನ ಪದ್ದಿ! ಕಿವಿ ಹರಿಯೂಹಂಗ ಒದರಾಕತ್ತೈತಿ, ನಿನಗ ಕೇಳಸವಲ್ದೇನ?" ಎಂದಳು ದಾನೇಶ್ವರಿ.

ಪದ್ಮಶ್ರೀಯ ಕಣ್ಣು ಗೆಳತಿಯ ತುಟಿ ಬಿಟ್ಟು ಅಲ್ಲಾಡಲಿಲ್ಲ. ಆಮೇಲೆ ಬಲಗೈ ಬೀಸಿ ನಕ್ಕಳು. "ಏ, ಚ್ಯಾಷ್ಟಿ ಮಾಡಿದ್ನಿ."

ನೀಲಪ್ಪ ಆ ಕೈಯನ್ನೇ ನೋಡಿದ, ತನ್ನದೇ ಬೀಸು, ತನ್ನದೇ ಮಾತು. ತನ್ನ ಬದಲು ಅಪ್ಪ ಕೇಳಿ ಹೇಳಲಿ ಎಂದೇ ಅವಳು ಅಷ್ಟೊಂದು ಜಂಬ ಕೊಚ್ಚಿದ್ದು ಎಂದು ಈಗ ಗೊತ್ತಾಯಿತು. ಹತ್ತೊಂಬತ್ತು ವರ್ಷದ ಹುಡುಗಿ. ಕೂಸಿದ್ದಾಗ ಇವೇ ಮಗ್ಗಗಳ ನಡುವೆ ತೊಟ್ಟಿಲು ಕಟ್ಟಿದ್ದ. ಮಗ್ಗ ಓಡುತ್ತಿದ್ದರೆ ನಿದ್ದೆ ಮಾಡುತ್ತಿತ್ತು, ನಿಂತರೆ ಎದ್ದು ಅಳುತ್ತಿತ್ತು. "ನನ್ನ ಮಗಳಿಗೆ ಮಗ್ಗದ ಸಪ್ಪಳನ ಜೋಗುಳ" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ ಮೂರ್ಖ.

"ಪದ್ದಿ, ಕೂಗು ಹೆಂಗೈತಿ ಅನ್ನೋ ಕಾಲಂ ನೀ ತುಂಬು" ಎಂದು ದಾನೇಶ್ವರಿ ನೋಟ್‌ಬುಕ್ ಚಾಚಿದಳು. ಪದ್ಮಶ್ರೀ ಪೆನ್ನು ಹಿಡಿದು ಮಿಡತೆಯನ್ನು ನೋಡಿದಳು, ಹಾಳೆ ನೋಡಿದಳು, ಕಡೆಗೆ ಅಪ್ಪನ ಮುಖ ನೋಡಿದಳು.

"ಕಟ್... ಕಟ್... ಕಟ್" ಎಂದ ನೀಲಪ್ಪ, ಅವಳಿಗೆ ಕಾಣುವಂತೆ ತುಟಿ ಬಿಡಿಸಿ, ನಿಧಾನವಾಗಿ. "ಹೊಸಾ ಖಣ ಕತ್ತರಸಿದಂಗ. ನಡುನಡುವ ನಿಂತು ನಿಂತು. ಬರಕೋ ಯವ್ವಾ."

"ಖರೆ ಕಾಕಾ, ಥೇಟ್ ಹಂಗ ಐತಿ!" ದಾನೇಶ್ವರಿ ಬೆರಗಾದಳು.

ಮಗಳು ತಲೆ ಬಗ್ಗಿಸಿ ಬರೆದುಕೊಂಡಳು. ಅವಳ ನೆತ್ತಿಯ ನೇರಕ್ಕೆ, ಮೇಲಿನ ತೊಲೆಯಲ್ಲಿ, ತೊಟ್ಟಿಲು ತೂಗಿದ್ದ ಕಬ್ಬಿಣದ ಕೊಂಡಿ ಇನ್ನೂ ಹಾಗೇ ಇತ್ತು.