ಹೆಸರು ಬರೆದ ಚೀಲಗಳು

"ಒಪ್ಕೊಂಡುಬುಡು ನಟರಾಜ. ಮಾನ ಅಂತೂ ಓಗಿದ್ದಾಯ್ತು."

ಬಸವರಾಜು ಮೊಬೈಲನ್ನು ಭಾಮೈದನ ಮುಖಕ್ಕೆ ಹಿಡಿದೇ ಮಾತಾಡುತ್ತಿದ್ದರು. ಗಾವಡಗೆರೆಯ ಆ ಜಗಲಿಯಲ್ಲಿ ಕೂರಿ ಎಂದರೆ ಕೂತಿರಲಿಲ್ಲ, ಕೊಟ್ಟ ನೀರು ಮುಟ್ಟಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಜಯಲಕ್ಷ್ಮಮ್ಮ ತಮ್ಮನ ಮುಖ ನೋಡಲಾರದೆ ನೆಲ ನೋಡುತ್ತಿದ್ದರು. ಅಪ್ಪ ಅಮ್ಮ ಹೋದ ಮೇಲೆ ಅವರಿಗೆ ತವರು ಅಂತ ಉಳಿದಿದ್ದು ಈ ತಮ್ಮನ ಮನೆಯೊಂದೇ.

ಮೊಬೈಲಿನಲ್ಲಿದ್ದುದು ಸಮುದ್ರದ ದಂಡೆಯ ಫೋಟೊ. ದಂಡೆ ಗುಡಿಸುವ ಯುವಕರು ತೆಗೆದು ಜಗತ್ತಿಗೆಲ್ಲ ಹಂಚಿದ್ದರು. ಮೀನುಗಾರರ ಬಲೆಯ ತುಂಬ ಪ್ಲಾಸ್ಟಿಕ್ಕಿನ ತಾಂಬೂಲದ ಚೀಲಗಳು. ಒಂದೊಂದರ ಮೇಲೂ ಕೆಂಪು ಅಕ್ಷರದಲ್ಲಿ ಮಗಳು, ಅಳಿಯನ ಹೆಸರು: ಪದ್ಮಶ್ರೀ, ಕಿರಣ್‌ಕುಮಾರ್. ಬೀಗರೇ ಅದನ್ನು ಕಳಿಸಿ, 'ನಿಮ್ಮ ಕಡೆಯವರ ಸಂಸ್ಕಾರ ನೋಡಿದೆವು' ಎಂದು ಬರೆದಿದ್ದರು. ಮಗಳು ಫೋನಿನಲ್ಲಿ ಅತ್ತಿದ್ದಳು.

ಪದ್ಮಶ್ರೀಯ ಅಜ್ಜಿ ತೀರಿಹೋಗಿ ಎರಡು ತಿಂಗಳು ಮುಂದಕ್ಕೆ ಹೋಗಿದ್ದ ಮದುವೆ. ಇನ್ನೊಂದು ಅಪಶಕುನ ಆಗದಿರಲಿ ಎಂದು ಜಯಲಕ್ಷ್ಮಮ್ಮ ಕಂಡ ಕಲ್ಲಿಗೆಲ್ಲ ಕೈಮುಗಿದಿದ್ದರು. ಮದುವೆ ಮುಗಿದ ವಾರಕ್ಕೆ ನಟರಾಜು ಜೀಪು ಮಾಡಿ ಮನೆಯವರನ್ನೆಲ್ಲ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿ ಬಿಟ್ಟು ಬರಲಾಗದೆ ಬಸವರಾಜು ಪಿರಿಯಾಪಟ್ಟಣದಲ್ಲೇ ಉಳಿದು ಹೆಂಡತಿಯನ್ನು ಮಾತ್ರ ಕಳಿಸಿದ್ದರು. ಮದುವೆಯಲ್ಲಿ ಮಿಕ್ಕ ಚೀಲಗಳೆಲ್ಲ ನಟರಾಜುವಿನ ಹೆಂಡತಿ ಪ್ರೇಮಮ್ಮನ ಪಾಲಾಗಿದ್ದವು. ದಾರಿಗೆ ಚಕ್ಕುಲಿ, ಪುರಿ ಕಟ್ಟಿ ತಂದಿದ್ದೂ ಅವುಗಳಲ್ಲೇ. ಇನ್ನೇನು ಸಾಕ್ಷಿ ಬೇಕು?

ನಟರಾಜು ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ. ತುಂಬ ಹೊತ್ತು ನೋಡಿದ. ಅಕ್ಕನ ಕಡೆ ಒಮ್ಮೆ ಕಣ್ಣು ಹಾಯಿಸಿ ಮೊಬೈಲ್ ಹಿಂದಿರುಗಿಸಿದ.

"ನಾನೇ ಕಣ್ ಭಾವ. ತಪ್ಪಾಯ್ತು."

ಪ್ರೇಮಮ್ಮ ಏನೋ ಹೇಳಲು ಬಾಯಿ ತೆರೆದಳು. ಗಂಡ ಕೈಸನ್ನೆಯಲ್ಲೇ ಸುಮ್ಮನಾಗಿಸಿದ.

ಜಯಲಕ್ಷ್ಮಮ್ಮ ತಮ್ಮನ ಕಡೆ ತಿರುಗಿದರು. "ನಾಚ್ಕೆ ಆಗಾಕಿಲ್ವೇನ್ಲಾ ನಿಂಗೆ? ತಿಂದು ಬಿಸಾಕಕ್ಕೆ ನನ್ ಮಗಳ ಎಸ್ರೇ ಬೇಕಿತ್ತಾ?"

"ಬುಡಕ್ಕ. ನಾನೇ ಅಂತ ಅಂದ್ನಲ್ಲ."

"ಇನ್ಮೇಲೆ ಅಬ್ಬಕ್ಕೆ ಅರಿಶಿಣ ಕುಂಕುಮ ತತ್ತೀನಿ ಅಂತ ನಮ್ಮನೆ ಕಡೆ ಬರ್ಬೇಡ. ನನ್ ಪಾಲಿಗೆ ತವರು ಸತ್ತೋಯ್ತು."

ನಟರಾಜು ಬಸ್ಸಿನವರೆಗೂ ಹಿಂದೆ ಬಂದು, ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಇಳಿದುಹೋದ.

ಬಸ್ಸು ಹೊರಟಿತು. ಗಂಡ ತೂಕಡಿಸುತ್ತಿದ್ದರು. ಜಯಲಕ್ಷ್ಮಮ್ಮ ಮೊಬೈಲ್ ತೆಗೆದುಕೊಂಡರು. ಬೆಳಗಿನಿಂದ ಮಗಳ ಹೆಸರಿನ ಮುಂದಕ್ಕೆ ಅವರ ಕಣ್ಣು ಹೋಗಿರಲಿಲ್ಲ. ತಮ್ಮ ಅಷ್ಟು ಹೊತ್ತು ನೋಡಿದ್ದಾದರೂ ಏನನ್ನು? ತಾವೂ ಹಿಗ್ಗಿಸಿದರು. ಹೆಸರುಗಳ ಕೆಳಗೆ ಮದುವೆಯ ತಾರೀಕು ಇತ್ತು. ಅದು ಅಜ್ಜಿ ತೀರಿಕೊಂಡಾಗ ಕೈಬಿಟ್ಟ ಮೊದಲ ತಾರೀಕು. ಆ ಚೀಲಗಳನ್ನು ಯಾವ ನೆಂಟರಿಗೂ ಹಂಚಿರಲೇ ಇಲ್ಲ; ಮದುವೆಯಲ್ಲಿ ಹಂಚಿದ್ದು ಹೊಸ ತಾರೀಕು ಹಾಕಿಸಿದ ಬೇರೆ ಚೀಲಗಳನ್ನು.

ಸುಟ್ಟರೆ ಮದುಮಕ್ಕಳಿಗೆ ಕೇಡು, ತಿಪ್ಪೆಗೆ ಹಾಕಿದರೆ ಹೆಸರು ತುಳಿದಂತೆ ಎಂದು ಆ ಇಡೀ ಕಟ್ಟನ್ನು ತಮ್ಮನ ಹೆಗಲ ಮೇಲೆ ಹೊರಿಸಿ, ಅರಿಶಿಣ ಕುಂಕುಮ ಇಟ್ಟು, ಗಂಗಮ್ಮನಿಗೆ ಒಪ್ಪಿಸುತ್ತಿದ್ದೇನೆಂದು ಸಮುದ್ರಕ್ಕೆ ತೇಲಿಬಿಟ್ಟು, ಅವಳು ಒಯ್ದಳೆಂದೇ ನಂಬಿ ಬಂದವರು ಜಯಲಕ್ಷ್ಮಮ್ಮನೇ.